ಮೀಟರಿನ ಲೆಕ್ಕ, ಮೊಬೈಲಿನ ಪಾಯಿಂಟು

ಒಂಬತ್ತು ವರ್ಷದ ಹುಡುಗ, ಟೈಪ್ 1 ಡಯಾಬಿಟಿಸ್; ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗದೆ ದಿನವೂ ಚುಚ್ಚಿಕೊಳ್ಳಬೇಕಾದ ಬಗೆ. ರಕ್ತದ ಶುಗರ್ ಬರೆದಿಡುವ ನೋಟ್‌ಬುಕ್ಕಿನ ತುಂಬ ದುಂಡನೆಯ ಅಕ್ಷರದಲ್ಲಿ 110, 118, 120, 115. ಶುಗರ್ ಅಳೆಯುವ ಮೀಟರಿನ ಮೆಮೊರಿ ಒತ್ತಿ ನೋಡಿದರೆ 312, 64, 287, ನಡುವೆ ಎರಡು ದಿನ ಏನೂ ಇಲ್ಲ. "ಜಾಸ್ತಿ ಬಂದ್ರೆ ಅಪ್ಪ ಬೈತಾರೆ ಸಿಸ್ಟರ್" ಅಂದ. ಪಕ್ಕದಲ್ಲೇ ಕೂತಿದ್ದ ಅಪ್ಪ ತಲೆ ಬಗ್ಗಿಸಿದರು.

ಮಕ್ಕಳ ಒಪಿಡಿಯಲ್ಲಿ ಡಯಾಬಿಟಿಸ್ ಎಜುಕೇಟರ್ ಆಗಿ ಇಂಥ ನೋಟ್‌ಬುಕ್ ಎಷ್ಟೋ ನೋಡಿದ್ದೇನೆ. ಈ ಸಲ ಅವರಮ್ಮನ ಫೋನಿಗೆ ಮೈಶುಗರ್ ಆಪ್ ಹಾಕಿಸಿದೆ. ವಿಯೆನ್ನಾದಲ್ಲಿ ಹುಟ್ಟಿದ ಈ ಆಪ್‌ನಲ್ಲಿ ಡಯಾಬಿಟಿಸ್ ಅಂದರೆ ಒಂದು ಪುಟ್ಟ ರಾಕ್ಷಸ. ಶುಗರ್, ಊಟ, ಇನ್ಸುಲಿನ್ ಬರೆದಷ್ಟೂ ಪಾಯಿಂಟ್ ಸಿಕ್ಕಿ ರಾಕ್ಷಸ ಪಳಗುತ್ತದೆ. "300 ಬಂದ್ರೂ ಪಾಯಿಂಟ್ ಕೊಡುತ್ತಾ?" ಅಂತ ಕೇಳಿದ. ಕೊಡುತ್ತೆ ಕಂದಾ, ನಿಜ ಬರೆದರೆ ಸಾಕು ಅಂದೆ.

ಮೊದಲ ವಾರವೇ ಎಡವಟ್ಟಾಯಿತು. ಪಾಯಿಂಟಿನ ಆಸೆಗೆ ದಿನಕ್ಕೆ ಹತ್ತು ಸಲ ಬೆರಳು ಚುಚ್ಚಿಕೊಂಡಿದ್ದಾನೆ. ಒಂದು ಸಲ ನೋಡಲು ಮೀಟರಿಗೆ ಒಂದು ಸ್ಟ್ರಿಪ್ ಬೇಕು; 50 ಸ್ಟ್ರಿಪ್ಪಿನ ಡಬ್ಬಿ ಐದೇ ದಿನಕ್ಕೆ ಖಾಲಿ. ಆಟೋ ಓಡಿಸುವ ಮನೆಗೆ ಅದು ಸಣ್ಣ ಖರ್ಚಲ್ಲ. ಮೊದಲೇ ಹೇಳದಿದ್ದದ್ದು ನನ್ನದೇ ತಪ್ಪು. ಆಮೇಲೆ ಒಪ್ಪಂದ ಮಾಡಿಕೊಂಡೆವು: ಮೂರು ಊಟಕ್ಕೆ ಮುಂಚೆ, ಮಲಗುವಾಗ ಒಂದು ಸಲ. ಕೈ ನಡುಗಿದರೆ, ಬೆವರಿದರೆ ಶುಗರ್ ಇಳಿದಿರಬಹುದು; ಆಗ ಎಷ್ಟು ಸಲ ಅನ್ನೋ ಲೆಕ್ಕವಿಲ್ಲ, ತಕ್ಷಣ ಬೆರಳು ಚುಚ್ಚಿ ನೋಡಬೇಕು. 70ಕ್ಕಿಂತ ಕೆಳಗಿದ್ದರೆ ಫೋನ್ ಪಕ್ಕಕ್ಕಿಟ್ಟು ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿ, 15 ನಿಮಿಷ ಬಿಟ್ಟು ಮತ್ತೆ ನೋಡು, ಪಾಯಿಂಟ್ ಆಮೇಲೆ. ಅಪ್ಪನಿಗೂ ಒಂದು ನಿಯಮ: ಎಷ್ಟೇ ಬರಲಿ ಬೈಯುವ ಹಾಗಿಲ್ಲ.

ಭಾನುವಾರಕ್ಕೆ ನಮ್ಮದೇ ಒಂದು ಆಟ ಸೇರಿಸಿದೆ. ತಟ್ಟೆಯ ಫೋಟೋ ತೆಗೆದು, ಎರಡು ಗಂಟೆ ಬಿಟ್ಟು ಶುಗರ್ ಎಷ್ಟಾಗುತ್ತೆ ಅಂತ ಅಮ್ಮ, ಮಗ ಇಬ್ಬರೂ ಊಹಿಸಬೇಕು. ಮುದ್ದೆ ಉಂಡರೆ ಶುಗರ್ ಏರೋದೇ ಇಲ್ಲ ಅಂತ ನಂಬಿದ್ದ ಅಮ್ಮ ಸೋತರು. ದೊಡ್ಡ ಮುದ್ದೆಗೂ ಅನ್ನದ ಹಾಗೇ ಲೆಕ್ಕ ಇಡಬೇಕು ಅಂತ ನಾನು ಬಾಯಲ್ಲಿ ಎಷ್ಟು ಸಲ ಹೇಳಿದ್ದೆನೋ!

1990ರ ದಶಕದಲ್ಲೇ ಅಮೆರಿಕದಲ್ಲಿ ಪ್ಯಾಕಿ ಅಂಡ್ ಮಾರ್ಲನ್ ಅಂತ ಎರಡು ಆನೆಗಳ ಡಯಾಬಿಟಿಸ್ ವಿಡಿಯೊ ಗೇಮ್ ಬಂದಿತ್ತು. 1997ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ನನ್ನ ಮನಸ್ಸಿಗೆ ನಾಟಿದ್ದು, ಆಡಿದ ಮಕ್ಕಳು ಕಾಯಿಲೆಯ ವಿಷಯ ಅಪ್ಪ-ಅಮ್ಮನ ಹತ್ತಿರ ಹೆಚ್ಚು ಮಾತಾಡತೊಡಗಿದ್ದು.

ಮೊನ್ನೆ ಅವರಮ್ಮ ಬಂದಾಗ ಹೇಳಿದರು. ರಾತ್ರಿ ಊಟಕ್ಕೆ ಮುಂಚೆ ಹುಡುಗ ಮೀಟರ್ ಹಿಡಿದು ತಾನೇ ಅಪ್ಪನ ಹತ್ತಿರ ಹೋದನಂತೆ: "ಅಪ್ಪಾ, 246. ಟ್ಯೂಷನ್‌ನಲ್ಲಿ ಬರ್ತ್‌ಡೇ ಕೇಕ್ ತಿಂದೆ." ಅಪ್ಪ ಏನೂ ಅನ್ನದೆ, ಡಾಕ್ಟರ್ ಬರೆದುಕೊಟ್ಟ ಡೋಸಿನ ಚೀಟಿ, ಇನ್ಸುಲಿನ್ ಪೆನ್ ಎರಡನ್ನೂ ತಂದು ಪಕ್ಕದಲ್ಲಿ ಕೂತರಂತೆ.