ನಿಮ್ಮೂರ ಗುಡ್ಡದ ಕಾಡಿಗೆ ಸರಿಯಾದ ಹೆಸರಿಡುವುದು ಹೇಗೆ?

ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ರಸ್ತೆಯಲ್ಲಿ ನಿಂತು ಯಾರನ್ನಾದರೂ "ಇದು ಎಂಥ ಕಾಡು?" ಅಂತ ಕೇಳಿ. ಕುರುಚಲು ಕಾಡು ಅನ್ನುತ್ತಾರೆ. ಮಧುಗಿರಿಯಲ್ಲಿ ಕೇಳಿದರೂ ಅದೇ ಉತ್ತರ, ಪಾವಗಡದಲ್ಲೂ ಅದೇ. ಆದರೆ ಈ ಮೂರು ಕಡೆ ಇರುವುದು ಒಂದೇ ಕಾಡಲ್ಲ, ಮಳೆ ಬೇರೆ, ಮಣ್ಣು ಬೇರೆ, ಮರಗಳೂ ಬೇರೆ. ಎಲ್ಲಕ್ಕೂ ಒಂದೇ ಹೆಸರು ಇಟ್ಟರೆ ಯಾವುದು ಉಳಿದಿದೆ, ಯಾವುದು ಹೋಯ್ತು ಅನ್ನೋದೇ ಗೊತ್ತಾಗಲ್ಲ.

ಕೇಳಬೇಕಾದ್ದು ಎರಡೇ ಪ್ರಶ್ನೆ. ಇಲ್ಲಿ ಯಾವ ಗಿಡ ಜಾಸ್ತಿ ಜಾಗ ಹಿಡಿದಿದೆ? ಅದು ಎಂಥ ನೆಲದಲ್ಲಿ ನಿಂತಿದೆ?

ನೆಲದಿಂದ ಶುರು ಮಾಡಿ. ಒಂದು ಗುಡ್ಡ ಆರಿಸಿಕೊಂಡು ಕೆರೆಯಿಂದ ನೆತ್ತಿವರೆಗೆ ನಿಧಾನಕ್ಕೆ ಹತ್ತಿ. ನಮ್ಮ ಕಡೆ ಕೆರೆಯಲ್ಲಿ ನೀರು ನಿಲ್ಲುವ ಜಾಗದಲ್ಲಿ ಜೊಂಡು, ಅದರ ಮೇಲೆ ಅಂಗಳದಲ್ಲಿ ಕರಿಜಾಲಿ, ಹಳ್ಳದ ದಂಡೆಗೆ ಹೊಂಗೆ, ಲಕ್ಕಿ, ಈಚಲು, ಇಳಿಜಾರಿಗೆ ಬಂದರೆ ತುಗ್ಲಿ, ಕಗ್ಗಲಿ, ದಿಂಡಿಗ, ಬಂಡೆ ಸಂದಿಯಲ್ಲಿ ಕಳ್ಳಿ, ಹೀಗೆ ಅರ್ಧ ಗಂಟೆಯ ನಡಿಗೆಯಲ್ಲೇ ನಾಲ್ಕೈದು ಗುಂಪು ಸಿಗುತ್ತವೆ. ಗಿಡ ಬದಲಾದ ಕಡೆ ಕಾಲ ಕೆಳಗೆ ನೋಡಿ, ಮಣ್ಣೂ ಬದಲಾಗಿರುತ್ತದೆ. ಮಣ್ಣು ಎಷ್ಟು ಆಳ ಇದೆ, ಇಳಿಜಾರು ಯಾವ ದಿಕ್ಕಿಗಿದೆ, ನೀರು ನಿಲ್ಲುತ್ತಾ ಹರಿದುಹೋಗುತ್ತಾ ಅನ್ನೋದನ್ನು ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ನೆನಪಿರಲ್ಲ.

ನೆಟ್ಟಿದ್ದು ಯಾವುದು, ತಾನಾಗಿ ಬೆಳೆದಿದ್ದು ಯಾವುದು ಅಂತ ಬೇರೆ ಮಾಡಬೇಕು. ನೀಲಗಿರಿ ತೋಪು ಎಷ್ಟು ದೊಡ್ಡದಿದ್ದರೂ ಈ ಲೆಕ್ಕಕ್ಕೆ ಬರಲ್ಲ. ಕೆರೆ ಅಂಗಳದ ಕರಿಜಾಲಿ ಕೂಡ ಬಹಳ ಕಡೆ ನೆಟ್ಟಿದ್ದೇ. ಮರಗಳು ಸಾಲಾಗಿ ನಿಂತಿವೆಯಾ, ಎಲ್ಲಾ ಒಂದೇ ದಪ್ಪ ಇವೆಯಾ ನೋಡಿ. ಬಳ್ಳಾರಿ ಜಾಲಿ, ಲಂಟಾನ ಹೊರಗಿನಿಂದ ಬಂದವು. ಅವು ತುಂಬಿಕೊಂಡಿದ್ದರೆ ಹಾಗೇ ಬರೆಯಿರಿ, ಮುಚ್ಚಿಡಬೇಡಿ.

ಇನ್ನು ಅಳತೆ. ಮೊದಲ ಸಲ ನಾನು ಅಳೆಯದೆ ಹೆಸರಿಟ್ಟು ತಪ್ಪು ಮಾಡಿದ್ದೆ. ಫೆಬ್ರವರಿ ಕೊನೆ, ಗುಡ್ಡದ ಮೇಲೆಲ್ಲಾ ಮುತ್ತುಗದ ಹೂ ಕೆಂಪಗೆ ಕಾಣುತ್ತಿತ್ತು, "ಮುತ್ತುಗದ ಕಾಡು" ಅಂತ ಬರೆದುಬಿಟ್ಟೆ. ಮಳೆಗಾಲದಲ್ಲಿ ಹೋಗಿ ಎಣಿಸಿದರೆ ಮುತ್ತುಗ ಅಲ್ಲೊಂದು ಇಲ್ಲೊಂದು, ಉಳಿದದ್ದೆಲ್ಲಾ ದಿಂಡಿಗ. ಕಣ್ಣಿಗೆ ಎದ್ದು ಕಾಣೋದು ಬೇರೆ, ಜಾಗ ಹಿಡಿದಿರೋದು ಬೇರೆ.

40 ಮೀಟರ್ ಹಗ್ಗ ತಗೊಂಡು ಪ್ರತಿ 10 ಮೀಟರಿಗೆ ಒಂದು ಗಂಟು ಹಾಕಿ. ನೆಲಕ್ಕೆ ಹಾಸಿದರೆ 10ಕ್ಕೆ 10ರ ಚೌಕ ಆಗುತ್ತದೆ. ಮೂಲೆಯಿಂದ ಮೂಲೆಗೆ 14 ಮೀಟರಿಗಿಂತ ಚೂರು ಜಾಸ್ತಿ ಬಂದರೆ ಚೌಕ ಸರಿಯಾಗಿದೆ ಅಂತ. ಮರಗಳಿಗೆ ಈ ಚೌಕ, ಅದರೊಳಗೆ ಪೊದೆಗಳಿಗೆ 5 ಮೀಟರಿನದು, ಹುಲ್ಲಿಗೆ 1 ಮೀಟರಿನದು. ಅರ್ಧ ಹಳ್ಳದಲ್ಲಿ ಅರ್ಧ ಇಳಿಜಾರಿನಲ್ಲಿ ಬೀಳುವ ಹಾಗೆ ಚೌಕ ಹಾಕಬೇಡಿ, ಎರಡೂ ಕೆಡುತ್ತದೆ. ನಾನು ಒಂದೊಂದು ಥರದ ನೆಲಕ್ಕೆ ಹತ್ತು ಚೌಕ ಹಾಕುತ್ತೇನೆ.

ಪ್ರತಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಟೈಲರ್ ಟೇಪಿನಿಂದ ತಗೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ 12.57ರಿಂದ ಭಾಗಿಸಿ. ಬಂದದ್ದು ಆ ಕಾಂಡ ಹಿಡಿದಿರುವ ಜಾಗ. ಇದು ಯಾಕೆ ಬೇಕು ಅಂದರೆ, 90 ಸೆಂಟಿಮೀಟರ್ ಸುತ್ತಳತೆಯ ಒಂದು ದಿಂಡಿಗ 30 ಸೆಂಟಿಮೀಟರಿನ ಒಂಬತ್ತು ತುಗ್ಲಿಗೆ ಸಮ, ಎರಡೂ ಕಡೆ ಸುಮಾರು 644 ಚದರ ಸೆಂಟಿಮೀಟರ್ ಬರುತ್ತದೆ. ಬರೀ ತಲೆ ಎಣಿಸಿದ್ದರೆ ತುಗ್ಲಿಯೇ ಒಂಬತ್ತು ಪಟ್ಟು ಅಂತ ಆಗುತ್ತಿತ್ತು, ಅಲ್ವಾ? ನಮ್ಮ ತುಗ್ಲಿಯಲ್ಲಿ ಇನ್ನೊಂದು ಕಷ್ಟ ಇದೆ. ಸೌದೆಗೆ ಕಡಿದು ಕಡಿದು ಒಂದೇ ಬುಡದಿಂದ ನಾಲ್ಕೈದು ಕವಲು ಎದ್ದಿರುತ್ತವೆ. ಒಂದೊಂದು ಕವಲನ್ನೂ ಬೇರೆ ಬೇರೆ ಲೆಕ್ಕ ಹಾಕಿ ಆಮೇಲೆ ಕೂಡಿಸಿ. ಸುತ್ತಳತೆಗಳನ್ನು ಮೊದಲೇ ಕೂಡಿಸಿದರೆ ಲೆಕ್ಕ ವಿಪರೀತ ಉಬ್ಬುತ್ತದೆ. ಮರ ಅಂತ ಎಣಿಸುವಾಗ ಮಾತ್ರ ಅದು ಒಂದೇ.

ಈಗ ಪ್ರತಿ ಜಾತಿಗೆ ಮೂರು ಶೇಕಡಾ ತೆಗೆಯಿರಿ: ಮರಗಳ ಎಣಿಕೆಯಲ್ಲಿ ಅದರ ಪಾಲು, ಒಂದೊಂದು ಜಾತಿ ಎಷ್ಟು ಚೌಕಗಳಲ್ಲಿ ಸಿಕ್ಕಿತು ಅಂತ ಎಣಿಸಿ ಎಲ್ಲಾ ಕೂಡಿಸಿದ ಮೊತ್ತದಲ್ಲಿ ಅದರ ಪಾಲು, ಕಾಂಡದ ಜಾಗದಲ್ಲಿ ಅದರ ಪಾಲು. ಆ ಮೂರನ್ನೂ ಕೂಡಿಸಿ, ಎಲ್ಲಾ ಜಾತಿಗಳದ್ದೂ ಸೇರಿ 300 ಆಗಬೇಕು. ಯಾವುದಕ್ಕೆ ಜಾಸ್ತಿ ಬಂತೋ ಅದರ ಹೆಸರೇ ಕಾಡಿನ ಹೆಸರಲ್ಲಿ ಮೊದಲು.

ಹೆಸರು ಬರೆಯೋದಕ್ಕೆ ಅಮೆರಿಕದ ರಾಷ್ಟ್ರೀಯ ಸಸ್ಯವರ್ಗೀಕರಣದ ಪದ್ಧತಿ ನನಗೆ ಹಿಡಿಸಿದೆ. ಒಂದೇ ಎತ್ತರದ ಗಿಡಗಳ ನಡುವೆ ಅಡ್ಡಗೆರೆ, ಮರದಿಂದ ಕೆಳಗಿನ ಪೊದೆಗೆ ಇಳಿದಾಗ ಓರೆಗೆರೆ. "ದಿಂಡಿಗ–ತುಗ್ಲಿ / ಬಂದರೆ ಪೊದೆ, ಕಲ್ಲು ಇಳಿಜಾರು, ತೆಳು ಮಣ್ಣು" ಅಂತ ಬರೆದರೆ ಓದಿದವರಿಗೆ ಜಾಗವೇ ಕಣ್ಣಿಗೆ ಬರುತ್ತದೆ. ದೊಡ್ಡ ವಿಭಾಗಕ್ಕೆ 1968ರ ಚಾಂಪಿಯನ್ ಮತ್ತು ಸೇಠ್ ವರ್ಗೀಕರಣ ಇದೆ, ಅದರಲ್ಲಿ ದೇಶದ ಕಾಡುಗಳು 16 ಗುಂಪು. ನಮ್ಮ ಜಿಲ್ಲೆಯ ಬಹುಪಾಲು ಕಾಡು ಒಣ ಎಲೆಯುದುರುವ ಕಾಡು ಅಥವಾ ಮುಳ್ಳುಕಾಡಿನ ಗುಂಪಿಗೆ ಸೇರುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಮರದ ಮರಗಳು ಆ ದೊಡ್ಡ ಹೆಸರಿನೊಳಗೆ ಕಾಣಿಸೋದೇ ಇಲ್ಲ.

ಹುಲ್ಲುಗಾವಲನ್ನು ದಯವಿಟ್ಟು ಬಂಜರು ಅಂತ ಬರೆಯಬೇಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ನೋಡಿ, ಕೃಷ್ಣಮೃಗಗಳು ಬದುಕಿರುವುದು ಆ ಬಯಲಲ್ಲಿ. ಮರ ಇಲ್ಲ ಅಂತ ಗಿಡ ನೆಟ್ಟರೆ ಅವುಗಳ ಜಾಗ ಹೋಗುತ್ತದೆ. ಅಲ್ಲಿ ಸುತ್ತಳತೆ ಲೆಕ್ಕ ನಡೆಯಲ್ಲ. 1 ಮೀಟರ್ ಚೌಕದಲ್ಲಿ ಯಾವ ಹುಲ್ಲು ನೂರರಲ್ಲಿ ಎಷ್ಟು ಪಾಲು ನೆಲ ಮುಚ್ಚಿದೆ ಅಂತ ಅಂದಾಜು ಮಾಡಿ. ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು ಎಷ್ಟು, ತಂಗಡಿ ಎಷ್ಟು, ಬರಿ ನೆಲ ಎಷ್ಟು. ಮಳೆ ನಿಂತ ಮೇಲೆ, ತೆನೆ ಇರುವಾಗಲೇ ಹೋಗಿ, ತೆನೆ ಇಲ್ಲದೆ ಹುಲ್ಲಿನ ಗುರುತು ಹಿಡಿಯೋದು ಬಹಳ ಕಷ್ಟ.

ಮೀಸಲು ಅರಣ್ಯಕ್ಕೆ ಹೋಗುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ. ಕುರಿ ಕಾಯುವವರು ಸಿಕ್ಕರೆ ಮಾತಾಡಿಸಿ, ಅವರು ಹೇಳಿದ ಹೆಸರನ್ನು ಹೇಳಿದ ಹಾಗೇ ಬರೆದುಕೊಳ್ಳಿ. ನಾನು ತುಗ್ಲಿ ಅನ್ನೋದನ್ನು ಕೆಲವರು ಸುಜ್ಜಲು ಅನ್ನುತ್ತಾರೆ, ಹಾಗಾಗಿ ಎರಡೂ ಹೆಸರಿನ ಪಕ್ಕ ಒಂದು ಎಲೆ, ಒಂದು ಕಾಯಿಯ ಫೋಟೋ ಇರಲಿ.