ಅಪ್ಪ ಹೊಡೆದ ‘೪’

ಬಸವೇಶ್ವರನಗರದ ನಮ್ಮ ಕಟ್ಟಡಕ್ಕೆ ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರೇ ಗತಿ. ಬಿಲ್ಲನ್ನು ಮನೆಗಳಿಗೆ ಹಂಚುವ ಲೆಕ್ಕ ಅಪ್ಪನದು. ನಾನು ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೆನಲ್ಲ, ಅದಕ್ಕೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಬಿಲ್ ಎಷ್ಟು, ಮನೆ ಎಷ್ಟು ಅಂತ ಕೇಳಿ ಭಾಗಿಸುತ್ತದೆ, ಅಷ್ಟೆ.

ನಾನು ಓಡಿಸಿದಾಗೆಲ್ಲ ಚೆನ್ನಾಗಿತ್ತು. ಅಪ್ಪ ಕೂತ ಮೊದಲ ಸಲವೇ ಪ್ಯಾನಿಕ್ ಆಯಿತು, ಅಂದರೆ ಪ್ರೋಗ್ರಾಂ ಅಲ್ಲೇ ನಿಂತುಹೋಯಿತು. ಉದ್ದನೆಯ ಸಾಲು, ಕೊನೆಯಲ್ಲಿ ‘ಇನ್‌ವ್ಯಾಲಿಡ್ ಡಿಜಿಟ್’.

“ನಾಲ್ಕು ಅಂತಾನೇ ಹೊಡೆದೆ ಕಣೇ” ಅಂದರು. ಹೌದು, ನಾಲ್ಕೇ. ಆದರೆ ಕೀಬೋರ್ಡ್ ಕನ್ನಡದಲ್ಲಿತ್ತು, ಬಿದ್ದದ್ದು ‘೪’. ರಸ್ಟ್‌ನ ಪಾರ್ಸ್‌ಗೆ, ಅಂದರೆ ಹೊಡೆದದ್ದನ್ನು ಸಂಖ್ಯೆ ಮಾಡುವ ಭಾಗಕ್ಕೆ, ಗೊತ್ತಿರುವುದು 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳು ಮಾತ್ರ. ಅದರ ಬೆನ್ನಿಗೆ ನಾನು ಸುಮ್ನೆ ಅನ್‌ರ‍್ಯಾಪ್ ಹಾಕಿದ್ದೆ. ತಪ್ಪು ಬಂದರೆ ಅಲ್ಲೇ ಸಾಯಿ ಅಂತ ನಾನೇ ಬರೆದುಕೊಟ್ಟ ಹಾಗೆ.

ಅದನ್ನು ತೆಗೆದು, ಮತ್ತೆ ಮತ್ತೆ ಸುತ್ತುವ ಲೂಪ್ ಒಳಗೆ, ಬಂದ ಫಲ ನೋಡಿ ದಾರಿ ಆರಿಸುವ ಮ್ಯಾಚ್ ಇಟ್ಟೆ. ‘ಓಕೆ’ ಬಂದರೆ ಸಂಖ್ಯೆ ತಗೊಂಡು ಹೊರಗೆ. ‘ಎರ‍್’ ಬಂದರೆ ‘ಅಂಕಿ ಮಾತ್ರ ಹಾಕಿ’ ಅಂತ ಹೇಳಿ ಮತ್ತೆ ಕೇಳುವುದು.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಒಮ್ಮೆ ತಪ್ಪು ಹೊಡೆದರೆ ಸಾಕು, ಆಮೇಲೆ ಸರಿಯಾಗಿ 4 ಹೊಡೆದರೂ ಅದೇ ಬೈಗುಳ. ತುದಿಯ ಖಾಲಿ ಜಾಗ, ಎಂಟರ್ ಗುರುತು ಕತ್ತರಿಸುವ ಟ್ರಿಮ್ ಬೇರೆ ಮಾಡಿದ್ದೆ. ಒಂದು ಗಂಟೆ ಮ್ಯಾಚನ್ನೇ ತಿರುವಿ ಹಾಕಿದೆ. ಕೊನೆಗೆ ಹೊಡೆದ ಅಕ್ಷರಗಳು ಕೂಡುವ ಸ್ಟ್ರಿಂಗನ್ನು, ಕಾಣದ ಗುರುತುಗಳನ್ನೂ ತೋರಿಸುವ ಡೀಬಗ್ ರೂಪದಲ್ಲಿ ಪ್ರಿಂಟ್ ಮಾಡಿದಾಗ ಕಳ್ಳ ಸಿಕ್ಕಿದ: ‘೪’, ಎಂಟರ್ ಗುರುತು, ‘4’, ಮತ್ತೆ ಎಂಟರ್ ಗುರುತು, ಎಲ್ಲ ಒಂದೇ ಸ್ಟ್ರಿಂಗಿನಲ್ಲಿ! ಹೊಡೆದ ಸಾಲನ್ನು ಓದುವ ರೀಡ್ ಲೈನ್ ಹಳೆಯದನ್ನು ಅಳಿಸುವುದಿಲ್ಲ, ಅದರ ಬಾಲಕ್ಕೇ ಹೊಸದನ್ನು ಅಂಟಿಸುತ್ತದೆ. ಟ್ರಿಮ್ ಕತ್ತರಿಸುವುದು ಎರಡು ತುದಿಗಳನ್ನು ಮಾತ್ರ, ನಡುವಿನದು ಹಾಗೇ ಉಳಿಯುತ್ತದೆ. ಹೊಸ ಸ್ಟ್ರಿಂಗ್ ಮಾಡುವ ಸಾಲನ್ನು ಲೂಪ್ ಒಳಗೆ ತಂದೆ, ಸರಿಹೋಯಿತು. ಹೊರಗೇ ಇರಲಿ ಅಂದರೆ ಪ್ರತಿ ಸುತ್ತಿಗೂ ಕ್ಲಿಯರ್ ಮಾಡಬೇಕು.

ಇನ್ನೆರಡು ಸಣ್ಣವು. ಮನೆ 0 ಅಂದರೆ ಪಾರ್ಸ್ ಒಪ್ಪಿಕೊಳ್ಳುತ್ತದೆ, ಭಾಗಿಸುವಾಗ ಪ್ಯಾನಿಕ್. ಅದಕ್ಕೆ ‘ಓಕೆ’ ಪಕ್ಕದಲ್ಲೇ ಸೊನ್ನೆಗಿಂತ ಜಾಸ್ತಿ ಇರಬೇಕು ಅನ್ನುವ ಇಫ್ ಸೇರಿಸಿದೆ. ಲಿನಕ್ಸ್‌ನಲ್ಲಿ ಖಾಲಿ ಸಾಲಿನಲ್ಲಿ ಕಂಟ್ರೋಲ್-ಡಿ ಒತ್ತಿದರೆ ಓದಲು ಏನೂ ಇರುವುದಿಲ್ಲ, ಆದರೂ ನನ್ನ ಲೂಪ್ ನಿಲ್ಲದೆ ಕೇಳುತ್ತಲೇ ಇತ್ತು. ರೀಡ್ ಲೈನ್ 0 ಬೈಟ್ ಅಂದರೆ ಈಗ ಹೊರಗೆ ಬರುತ್ತದೆ.

ಕೀಬೋರ್ಡ್ ಬದಲಿಸಿ ಅಂತ ಅಪ್ಪನಿಗೆ ಹೇಳಲು ಮನಸ್ಸಾಗಲಿಲ್ಲ. ಕನ್ನಡದ ಕೀಬೋರ್ಡ್ ಹಾಕಿಕೊಟ್ಟವಳೇ ನಾನು, ಅಲ್ವಾ? ಪಾರ್ಸ್‌ಗೆ ಮುಂಚೆ ‘೦’ಯಿಂದ ‘೯’ರವರೆಗಿನ ಅಕ್ಷರ ಸಿಕ್ಕರೆ, ಅದರ ಯೂನಿಕೋಡ್ ಸಂಖ್ಯೆಯಲ್ಲಿ ‘೦’ಯ ಸಂಖ್ಯೆ ಕಳೆದು ಇಂಗ್ಲಿಷ್ ಅಂಕಿ ಮಾಡಿಕೊಂಡೆ. ಈಗ ‘೪’ ನಡೆಯುತ್ತದೆ.

ಈ ತಿಂಗಳು ಅಪ್ಪ ಬಿಲ್ಲಿನ ಜಾಗದಲ್ಲಿ ‘೪,೮೦೦’ ಅಂತ ಅಲ್ಪವಿರಾಮ ಹಾಕಿ ಹೊಡೆದರು.