ಏಜೆನ್ಸಿ ಕೆಲಸದ ಏಳುಬೀಳು: ಲೀಡ್ ಲೆಕ್ಕ, ಕ್ಲೈಂಟ್ ಫೋನು, ಬಾಕಿ ಬಿಲ್ಲು

ಬೆಂಗಳೂರಿನ ಒಂದು ಸಣ್ಣ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯಲ್ಲಿ ಕ್ಯಾಂಪೇನ್ ನೋಡಿಕೊಳ್ಳೋದು ನನ್ನ ಕೆಲಸ. ಒಡವೆ ಅಂಗಡಿ, ಕೋಚಿಂಗ್ ಸೆಂಟರ್, ಫರ್ನಿಚರ್ ಶೋರೂಮ್, ಲೇಔಟ್ ಮಾಡಿ ಸೈಟ್ ಮಾರುವವರು, ಇಂಥವರೇ ನಮ್ಮ ಕ್ಲೈಂಟುಗಳು. ಜಾಹೀರಾತಿಗೆ ಹೋಗುವ ದುಡ್ಡು ಮಾಲೀಕರ ಗಲ್ಲಾಪೆಟ್ಟಿಗೆಯಿಂದ ನೇರವಾಗಿ ಬರುತ್ತೆ. ಅದಕ್ಕೇ ಸಂಜೆಯಾದರೆ ಅವರೇ ಫೋನ್ ಮಾಡಿ ಲೆಕ್ಕ ಕೇಳುತ್ತಾರೆ. ಈ ಕೆಲಸ ನನಗೆ ಅತಿ ಹೆಚ್ಚು ಕಲಿಸಿದ್ದೂ ಆ ಫೋನುಗಳೇ, ನಿದ್ದೆ ಕೆಡಿಸಿದ್ದೂ ಅವೇ.

ನೆಲಮಂಗಲದ ಕಡೆ ಸೈಟ್ ಮಾರುತ್ತಿದ್ದ ಕ್ಲೈಂಟ್ ಒಬ್ಬರ ಕಥೆ ಹೇಳಬೇಕು. ಅವರು ನಮ್ಮಲ್ಲಿಗೆ ಬಂದಾಗ ಫೇಸ್‌ಬುಕ್ ಜಾಹೀರಾತಿನಿಂದ ದಿನವೂ ಲೀಡ್, ಅಂದ್ರೆ ಆಸಕ್ತಿ ತೋರಿಸಿದವರ ಹೆಸರು, ನಂಬರ್, ಬರುತ್ತಿತ್ತು. ಒಂದು ಲೀಡಿಗೆ ಬೀಳುತ್ತಿದ್ದ ಖರ್ಚೂ ಕಡಿಮೆ, ರಿಪೋರ್ಟ್ ನೋಡೋಕೆ ಚೆನ್ನಾಗಿತ್ತು. ಆದರೆ ಮಾಲೀಕರು, "ನೋಡಮ್ಮ, ನಂಬರ್ ರಾಶಿ ಬರ್ತಿದೆ, ಜಾಗ ನೋಡೋಕೆ ಒಬ್ರೂ ಬರ್ತಿಲ್ಲ" ಅಂದರು. ಅವರ ಟೆಲಿಕಾಲರ್ ಹುಡುಗಿಯ ಪಕ್ಕ ಕೂತು ಕಾಲ್ ರೆಕಾರ್ಡಿಂಗ್ ಕೇಳಿದೆ. "ನಾನು ಯಾವ ಫಾರಮ್ಮೂ ತುಂಬಿಲ್ಲ ಮೇಡಂ" ಅನ್ನೋರೇ ಜಾಸ್ತಿ. ಫೇಸ್‌ಬುಕ್ ಫಾರಂನಲ್ಲಿ ಹೆಸರು, ನಂಬರ್ ಪ್ರೊಫೈಲಿನಿಂದ ತಾನಾಗೇ ತುಂಬಿಕೊಳ್ಳುತ್ತೆ. ಫೋಟೋ ನೋಡಿ ಬೆರಳು ಒತ್ತಿದವರಿಗೆ ನಂಬರ್ ಕೊಟ್ಟಿದ್ದೇ ನೆನಪಿರಲ್ಲ.

ನಿಜವಾಗಿ ಕೊಳ್ಳುವ ಮನಸ್ಸಿದ್ದವರ ಮಾತು ಬೇರೆಯೇ ಇತ್ತು. "ಡಿಸಿ ಕನ್ವರ್ಷನ್ ಆಗಿದ್ಯಾ?" "ಇ-ಖಾತಾ ಇದ್ಯಾ?" "ಬ್ಯಾಂಕ್ ಲೋನ್ ಕೊಡುತ್ತಾ?" "ಬಸ್ ಎಲ್ಲಿ ತನಕ ಬರುತ್ತೆ?" ನಮ್ಮ ಜಾಹೀರಾತಿನಲ್ಲಿ ಇದರ ಸುದ್ದಿಯೇ ಇರಲಿಲ್ಲ. ಅಲ್ಲಿದ್ದಿದ್ದು ಸೂರ್ಯಾಸ್ತ, ನಗುವ ಕುಟುಂಬ, ಕನಸಿನ ಮನೆ. ರೇರಾ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ ಕಾನೂನಿನ ಪ್ರಕಾರ ಇರಲೇಬೇಕು, ಅದೂ ಕೆಳಗೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿತ್ತು.

ಎಲ್ಲಾ ತೆಗೆದು ಹೊಸದಾಗಿ ಬರೆದೆ. ಜಾಗದ ಮೊಬೈಲ್ ಫೋಟೋ, ಮೇಲೆ 30x40 ಅಳತೆ ಮತ್ತು ಬೆಲೆ, ಅದರ ಕೆಳಗೆ ಕಾಗದಪತ್ರದ ವಿವರ, ಕಣ್ಣಿಗೆ ಕಾಣುವ ಹಾಗೆ ರೇರಾ ನಂಬರ್. ಫಾರಂ ಅನ್ನು 'ಹೈಯರ್ ಇಂಟೆಂಟ್'ಗೆ ಬದಲಾಯಿಸಿದೆ. ಅದರಲ್ಲಿ ಕಳಿಸುವ ಮುಂಚೆ ವಿವರ ಇನ್ನೊಮ್ಮೆ ನೋಡಿ ಖಚಿತಪಡಿಸಬೇಕು. ಜೊತೆಗೆ ಕೈಯಿಂದಲೇ ಉತ್ತರ ತುಂಬಬೇಕಾದ ಒಂದು ಪ್ರಶ್ನೆ: ಜಾಗ ನೋಡೋಕೆ ಯಾವ ದಿನ ಬರ್ತೀರಿ? ಲೀಡ್ ಸಂಖ್ಯೆ ಧಪ್ಪಂತ ಬಿತ್ತು, ಒಂದೊಂದರ ಖರ್ಚು ಏರಿತು. ರಿಪೋರ್ಟ್ ಕೆಟ್ಟು ಕಾಣುತ್ತೆ ಅಂತ ಆಫೀಸಿನಲ್ಲಿ ನನ್ನನ್ನು ಪ್ರಶ್ನೆ ಮಾಡಿದರು. ಆದರೆ ಭಾನುವಾರ ಲೇಔಟಿಗೆ ಕಾರುಗಳು ಬರತೊಡಗಿದವು. ಮಾಲೀಕರು ಫೋನ್ ಮಾಡಿ, "ಇವತ್ತು ಟೋಕನ್ ಅಡ್ವಾನ್ಸ್ ಆಯ್ತು ಕಣಮ್ಮ" ಅಂದ ದಿನದ ಖುಷಿ ನನಗೆ ಯಾವ ಇನ್‌ಕ್ರಿಮೆಂಟ್ ಲೆಟರೂ ಕೊಟ್ಟಿಲ್ಲ.

ಆ ಕ್ಲೈಂಟ್ ಈಗ ನಮ್ಮ ಜೊತೆ ಇಲ್ಲ. ಸೈಟುಗಳು ಖಾಲಿಯಾಗುತ್ತಾ ಬಂದ ಹಾಗೆ ಕೆಲಸವನ್ನು ತಮ್ಮ ಅಳಿಯನಿಗೆ ವಹಿಸಿದರು. ಏಜೆನ್ಸಿಯಲ್ಲಿ ಇದು ಮಾಮೂಲು, ಆದರೂ ಪ್ರತಿ ಸಲ ನೋವಾಗುತ್ತೆ. ಚೆನ್ನಾಗಿ ಮಾಡಿದ ಕೆಲಸ ಕೆಲವು ಸಲ ರಿಟೇನರ್ (ತಿಂಗಳ ಒಪ್ಪಂದ) ಉಳಿಸುತ್ತೆ, ಕೆಲವು ಸಲ ಇಲ್ಲ.

ನಮ್ಮ ಕೈಯಲ್ಲಿ ಏನೂ ಇಲ್ಲದ ರಾತ್ರಿಗಳೂ ಇರುತ್ತವೆ. 2021ರ ಅಕ್ಟೋಬರ್ 4, ಸೋಮವಾರ. ಗುರುವಾರದಿಂದ ನವರಾತ್ರಿ, ಶೋರೂಮಿನವರ ದಸರಾ ಆಫರ್ ಓಡಬೇಕಿತ್ತು. ರಾತ್ರಿ 9 ದಾಟುತ್ತಿದ್ದ ಹಾಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಪ್ರಪಂಚದಾದ್ಯಂತ ಒಟ್ಟಿಗೇ ನಿಂತವು. ಕ್ಲೈಂಟಿಗೆ ಹೇಳೋಣ ಅಂದ್ರೆ ಗ್ರೂಪ್ ಇರೋದೇ ವಾಟ್ಸಾಪಿನಲ್ಲಿ. ರಾತ್ರಿ 9ರ ನಂತರ ಪ್ರಚಾರದ ಎಸ್‌ಎಂಎಸ್ ಕಳಿಸುವಂತಿಲ್ಲ. ಒಬ್ಬೊಬ್ಬರಿಗೇ ಕರೆ ಮಾಡಿ, "ಸರ್, ನಿಮ್ಮ ದುಡ್ಡು ಹೋಗಿಲ್ಲ, ಜಾಹೀರಾತು ನಿಂತಿದೆ ಅಷ್ಟೇ" ಅಂತ ತಿಳಿಸಿದೆವು. ಸುಮಾರು ಆರು ಗಂಟೆ ಕಳೆದ ಮೇಲೆ, ಬೆಳಗಿನ ಜಾವ ಒಂದೊಂದಾಗಿ ವಾಪಸ್ ಬಂದವು.

ಪುಣ್ಯಕ್ಕೆ ಶೋರೂಮಿನ ಹಳೇ ಗಿರಾಕಿಗಳ ಪಟ್ಟಿ ಇತ್ತು, ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿದ ಎಸ್‌ಎಂಎಸ್ ಟೆಂಪ್ಲೇಟೂ ಇತ್ತು. ಮರುದಿನ ಅದನ್ನೇ ಕಳಿಸಿದೆವು. ಇಂಗ್ಲಿಷಿನಲ್ಲಾದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ ಬರೀ 70. ಅದರಲ್ಲೂ ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಎಣಿಕೆ. 'ಸ್ತ್ರೀ' ಅಂತ ಬರೆದರೆ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು. ಅಷ್ಟರೊಳಗೆ ಅಂಗಡಿ ಹೆಸರು, ಆಫರ್, ದಿನಾಂಕ ಕೂರಿಸೋದು ಅಂದ್ರೆ ನನಗೆ ಈಗಲೂ ಇಷ್ಟದ ಕೆಲಸ. ಎಲ್ಲಾ ದುಡ್ಡನ್ನೂ ಒಂದೇ ಆ್ಯಪಿಗೆ ಸುರಿಯೋಣ ಅನ್ನೋರಿಗೆ ನಾನು ಈ ರಾತ್ರಿಯನ್ನು ನೆನಪಿಸುತ್ತೇನೆ.

ಇನ್ನು ಬಾಕಿ ಬಿಲ್ಲು. ಇನ್‌ವಾಯ್ಸ್ ಹಾಕಿದ ಮೇಲೆ ಕ್ಲೈಂಟ್ ದುಡ್ಡು ಕೊಟ್ಟಿರಲಿ ಬಿಡಲಿ, ಆ ತಿಂಗಳ ಲೆಕ್ಕದಲ್ಲಿ 18% ಜಿಎಸ್‌ಟಿ ಕಟ್ಟಲೇಬೇಕು. ಮೂರು ತಿಂಗಳು ಬಿಲ್ ನಿಂತರೆ ಸಣ್ಣ ಏಜೆನ್ಸಿಯಲ್ಲಿ ಸಂಬಳ ತಡವಾಗುತ್ತೆ. ಅದನ್ನು ನಾನೂ ಅನುಭವಿಸಿದ್ದೇನೆ. ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಅನ್ನೋ ನಿಯಮ ಬಂದ ಮೇಲೆ ಸ್ವಲ್ಪ ಬದಲಾವಣೆ ಕಂಡಿದೆ. ಉದ್ಯಮ್ (ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ) ನೋಂದಣಿ ಇರುವ ಸಣ್ಣ ಸಂಸ್ಥೆಗೆ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡ ಮಾಡಿದರೆ, ದುಡ್ಡು ಕೊಡುವ ತನಕ ಕ್ಲೈಂಟ್ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ತೋರಿಸಲು ಬರುವುದಿಲ್ಲ. ಪ್ರತಿ ಬಿಲ್ಲಿನ ಮೇಲೂ ನಮ್ಮ ಉದ್ಯಮ್ ನಂಬರ್ ಅಚ್ಚು ಹಾಕಿಸಿದ್ದೇವೆ. ಮಾರ್ಚ್ ತಿಂಗಳಲ್ಲಿ ಅವರ ಆಡಿಟರೇ ನಮಗೆ ಫೋನ್ ಮಾಡುತ್ತಾರೆ.

ಹೊಸಬರು ಕೆಲಸ ಕೇಳಿಕೊಂಡು ಬಂದರೆ ನಾನು ಮೊದಲು ಕಳಿಸೋದು ಕ್ಲೈಂಟಿನ ಅಂಗಡಿಗೆ. ಒಂದು ಶನಿವಾರ ಕೌಂಟರ್ ಪಕ್ಕ ನಿಂತು, ಬಂದವರು ಏನು ಕೇಳಿದರು, ಯಾಕೆ ಕೊಳ್ಳದೆ ಹೋದರು ಅಂತ ಬರೆದುಕೊಂಡು ಬರಲಿ ಅಂತ. ಪ್ರಪೋಸಲಿನಲ್ಲೂ ಇದನ್ನೇ ಸೇರಿಸುತ್ತಿದ್ದೇವೆ: ಮೊದಲ ವಾರ ಜಾಹೀರಾತು ಇಲ್ಲ, ಕಾಲ್ ಕೇಳುತ್ತೇವೆ, ಅಂಗಡಿಯಲ್ಲಿ ನಿಲ್ಲುತ್ತೇವೆ. ಇದನ್ನು ಓದಿ ಬೇಡ ಅಂದವರೂ ಇದ್ದಾರೆ. ಒಪ್ಪಿದವರ ಕೆಲಸಕ್ಕೆ ನಾನೇ ಕೂರುತ್ತೇನೆ.